ಅಕಾರಾದಿ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಅಚ್ಚುಕಟ್ಟಮ್ಮ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವಳೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಕಾಫಿ ಕಪ್ಪುಗಳ ಹಿಡಿಗಳೆಲ್ಲ ಒಂದೇ ಕಡೆಗೆ ತಿರುಗಿರಬೇಕು, ಚಾರ್ಜರಿನ ವೈರು ಗಂಟಾಗಿದ್ದರೆ ಬೇರೆಯವರ ಮೇಜಿನದಾದರೂ ಬಿಡಿಸಿ ಸುತ್ತಿಡಬೇಕು. ಅಂಥ ಕೈ ಅವಳದು. ವಯಸ್ಸು ನಲವತ್ತೊಂದು. ಮನೆಯಲ್ಲಿ ಗಂಡ, ಅತ್ತೆ, ಅವಳು, ಮೂರೇ ಜನ.

ಅವಳ ಕಂಪನಿ ಆಸ್ಪತ್ರೆಗಳಿಗೆ ಒಂದು ಸಣ್ಣ ಕಂಪ್ಯೂಟರ್ ಮಾಡಿಕೊಡುತ್ತಿತ್ತು. ವಾರ್ಡಿನಲ್ಲಿ ನರ್ಸುಗಳು ಕೂರುವ ಮೇಜಿನ ಮೇಲೆ ಅದನ್ನು ಇಡುತ್ತಾರೆ. ಎಲ್ಲ ಹಾಸಿಗೆಗಳ ರೋಗಿಗಳ ನಾಡಿ, ಉಸಿರು, ರಕ್ತದೊಳಗಿನ ಆಮ್ಲಜನಕ ಒಂದೇ ಪರದೆಯ ಮೇಲೆ ಕಾಣುತ್ತದೆ. ಆ ಕಂಪ್ಯೂಟರಿನ ಉಳಿದೆಲ್ಲ ಪ್ರೋಗ್ರಾಮುಗಳನ್ನು ಹೊತ್ತು ನಿಂತಿರುವ ತಳಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಅದರಲ್ಲಿನ ಯುಎಸ್‌ಬಿ ಡ್ರೈವರ್‌ಗಳು ಅವಳ ಪಾಲಿಗೆ ಬಂದಿದ್ದವು. ಒಂದೊಂದು ಡ್ರೈವರೂ ಒಬ್ಬೊಬ್ಬ ದುಭಾಷಿಯಿದ್ದ ಹಾಗೆ. ಹೊರಗಿನಿಂದ ಚುಚ್ಚಿದ ಪ್ರಿಂಟರಿನ ಮಾತು ಒಂದಕ್ಕೆ ಗೊತ್ತು, ಕೀಬೋರ್ಡಿನ ಮಾತು ಇನ್ನೊಂದಕ್ಕೆ ಗೊತ್ತು.

ಅತ್ತೆ ಪಕ್ಕದ ಮನೆಯವರಿಗೆ, "ನಮ್ಮ ಸೊಸೆ ಕೈಕೆಳಗೆ ಎಪ್ಪತ್ಮೂರು ಡ್ರೈವರ್‌ಗಳಿದ್ದಾರೆ," ಎಂದು ಹೇಳಿಕೊಂಡು, ಅವರು ಯಾವ ಡಿಪೋದಲ್ಲಿ ಎಂದು ಕೇಳಿದಾಗ, "ಆಸ್ಪತ್ರೆಯವರದ್ದು," ಎಂದು ಗಂಭೀರವಾಗಿ ಉತ್ತರ ಕೊಟ್ಟಿದ್ದರು. ಅತ್ತೆಗೆ ವಿಷಯ ಗೊತ್ತಿರಲಿಲ್ಲ ಎಂದಲ್ಲ. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕರೆಗಳನ್ನು ಜೋಡಿಸಿದ್ದ ಹೆಂಗಸು ಆಕೆ. ಪಕ್ಕದ ಮನೆಯವರ ಮುಖ ನೋಡುವ ಆಸೆ, ಅಷ್ಟೇ.

ಎಪ್ಪತ್ತಮೂರೂ ಒಂದೇ ಫೋಲ್ಡರಿನಲ್ಲಿ, ಹತ್ತೊಂಬತ್ತು ವರ್ಷಗಳಿಂದ ಬಂದ ಬಂದ ಹಾಗೆ ಬಿದ್ದಿದ್ದವು. ಅವುಗಳನ್ನು ಹಾಗೆ ಪೇರಿಸಿದವರು ಹಿಂದಿನ ಮುಖ್ಯಸ್ಥರು. ಸೈನ್ಯದ ಬಾಗಿಲು ಕಂಡವರಲ್ಲ, ಆದರೂ ಕರ್ನಲ್ ನೋಡಿಕೊಳ್ಳುತ್ತಾರೆಂದು ಜನ ಅವರನ್ನು ಕರ್ನಲ್ ಸಾಹೇಬರು ಎನ್ನುತ್ತಿದ್ದರು. ನಿವೃತ್ತಿಯ ದಿನ ಅವಳ ಮೇಜಿಗೆ ಬಂದು, "ಸಂತೆ ಇದ್ದ ಹಾಗಿದೆ. ಆದ್ರೆ ನಡೀತಾ ಇದೆ. ನೋಡ್ಕೊಂಡು ಹೋಗಮ್ಮ," ಎಂದಿದ್ದರು.

ಅವಳು ನೋಡಿಕೊಂಡು ಹೋಗುವ ಪೈಕಿ ಅಲ್ಲ. ಎರಡು ವರ್ಷ ಹಲ್ಲು ಕಚ್ಚಿ ತಡೆದುಕೊಂಡು, ಮೂರನೆಯ ವರ್ಷ ಡ್ರೈವರ್‌ಗಳನ್ನು ವಿಂಗಡಿಸಿಡಲು ಮ್ಯಾನೇಜರಿಂದ ಒಪ್ಪಿಗೆ ಪಡೆದಳು. ಕೀಬೋರ್ಡು, ಮೌಸುಗಳಿಗೆ ಒಂದು ಫೋಲ್ಡರ್, ಪ್ರಿಂಟರ್‌ಗಳಿಗೆ ಒಂದು, ಪೆನ್‌ಡ್ರೈವ್‌ಗಳಿಗೆ ಒಂದು, ಬೇರೆ ಯಂತ್ರಗಳನ್ನು ಜೋಡಿಸುವ ತಂತಿ ಸಂಪರ್ಕದವಕ್ಕೆ ಒಂದು, ಎಚ್ಚರಿಕೆಯ ದೀಪ ಮತ್ತು ಹಾರ್ನುಗಳಿಗೆ ಒಂದು. ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ಅವಳು ಮನೆಯಲ್ಲಿ ಹಾಡು ಗುನುಗುತ್ತಿದ್ದಳು ಎಂದು ಗಂಡ ಆಮೇಲೆ ನೆನೆಸಿಕೊಂಡ.

ಕೊನೆಗೆ ಉಳಿದದ್ದು ಪಟ್ಟಿ. ಎಲ್ಲ ಡ್ರೈವರ್‌ಗಳ ಹೆಸರನ್ನು ಸಾಲಾಗಿ ಬರೆದ ಒಂದು ಫೈಲು. ಏನಾದರೂ ಉಪಕರಣ ಚುಚ್ಚಿದರೆ ಅದು ತನ್ನ ತಯಾರಕರ ಸಂಖ್ಯೆ, ತನ್ನ ಮಾದರಿಯ ಸಂಖ್ಯೆ ಎರಡನ್ನೂ ಹೇಳುತ್ತದೆ. ಕರ್ನಲ್ ಆ ಪಟ್ಟಿಯ ಸಾಲಿನಲ್ಲೇ ಮೇಲಿನಿಂದ ಕೆಳಗೆ, ಇದು ನಿನ್ನದಾ, ಇದು ನಿನ್ನದಾ ಎಂದು ಡ್ರೈವರ್‌ಗಳನ್ನು ಕೇಳುತ್ತಾ ಹೋಗುತ್ತದೆ. ಮೊದಲು ಹೌದು ಎಂದ ಡ್ರೈವರಿಗೆ ಉಪಕರಣ ಸೇರುತ್ತದೆ. ಸಾಮಾನ್ಯವಾಗಿ ಒಂದು ಉಪಕರಣಕ್ಕೆ ಒಂದೇ ಡ್ರೈವರ್ ಹೌದು ಅನ್ನುವುದರಿಂದ ಸಾಲು ಹೇಗಿದ್ದರೂ ನಡೆಯುತ್ತದೆ.

ಸಾಹೇಬರ ಪಟ್ಟಿಗೆ ತಲೆ ಇರಲಿಲ್ಲ, ಬುಡ ಇರಲಿಲ್ಲ. ಎಚ್ಚರಿಕೆಯ ದೀಪದ ಡ್ರೈವರ್ ನಾಲ್ಕನೆಯ ಸಾಲಿನಲ್ಲಿ, ಅದೇ ಜಾತಿಯ ಇನ್ನೊಂದು ಅರವತ್ತೆಂಟರಲ್ಲಿ. ಒಂದು ಮೀಟಿಂಗಿನಲ್ಲಿ ಅವಳು ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, "ಸಾಹೇಬರು ಪಗಡೆ ಹಾಕಿ ಬರೆದಿರಬೇಕು," ಎಂದಾಗ ಎಲ್ಲರೂ ನಕ್ಕರು. ಅವಳು ಫೋಲ್ಡರ್‌ಗಳನ್ನು ಅಕಾರಾದಿಯಾಗಿ ಜೋಡಿಸಿದಳು. ತಂತಿ ಸಂಪರ್ಕದ ಫೋಲ್ಡರಿನ ಹೆಸರು ಕೇಬಲ್, ಇಂಗ್ಲಿಷಿನ 'ಸಿ' ಅಕ್ಷರದಿಂದ ಶುರು, ದೀಪಗಳದ್ದು ಸಿಗ್ನಲ್, 'ಎಸ್'ನಿಂದ. ಸಿ ಮೊದಲು, ಎಸ್ ಆಮೇಲೆ. ಯಾವ ಡ್ರೈವರಿನೊಳಗೂ ಅವಳು ಒಂದಕ್ಷರ ಬದಲಾಯಿಸಲಿಲ್ಲ. ಪರೀಕ್ಷೆಯ ಕೋಣೆಯ ಶೆಲ್ಫಿನಲ್ಲಿದ್ದ ಹನ್ನೊಂದು ಉಪಕರಣಗಳನ್ನೂ ತಾನೇ ಚುಚ್ಚಿ ನೋಡಿದಳು. ದೀಪ ಹತ್ತಿತು, ಹಾರ್ನು ಕೂಗಿತು. ಹೊಸ ಆವೃತ್ತಿ ಆಸ್ಪತ್ರೆಗಳಿಗೆ ಹೋಯಿತು.

ಮೂರು ವಾರಗಳಾದ ಮೇಲೆ ಒಂದು ಶುಕ್ರವಾರ ಮ್ಯಾನೇಜರ್ ಅವಳನ್ನು ಕರೆದು ಒಂದು ಫೈಲು ಕಳಿಸಿದ. ಒಂದು ಆಸ್ಪತ್ರೆಯ ವಾರ್ಡಿನ ಕಂಪ್ಯೂಟರ್ ತನ್ನಷ್ಟಕ್ಕೆ ತಾನು ಬರೆದಿಟ್ಟುಕೊಂಡ ದಿನಚರಿ ಅದು.

"ಒಬ್ಬರು ತೀರಿಕೊಂಡಿದ್ದಾರೆ," ಎಂದ. "ನಮ್ಮದೇನೂ ಇರಲ್ಲ. ಆದ್ರೂ ಒಂದ್ಸಲ ನೋಡ್ಬಿಡಿ."

ಸತ್ತವನು ಲೇತ್ ಮೆಷಿನ್ ನಡೆಸುವವನು, ನಲವತ್ತಾರು ವರ್ಷ. ಪಿತ್ತಕೋಶದ ಆಪರೇಷನ್ ಆಗಿ ಎರಡನೆಯ ದಿನ. ನಾಳೆ ಮನೆಗೆ ಹೋಗಬಹುದು ಎಂದಿದ್ದರಂತೆ. ಹೆಂಡತಿ ಮಾತ್ರೆ ತರಲು ಕೆಳಗಿನ ಔಷಧಿ ಅಂಗಡಿಗೆ ಇಳಿದಿದ್ದಳು. ಮಧ್ಯಾಹ್ನ ಮೂರು ಗಂಟೆ ಎಂಟು ನಿಮಿಷಕ್ಕೆ ಅವನ ಉಸಿರು ಇಳಿಯತೊಡಗಿತ್ತು. ವಾರ್ಡಿನಲ್ಲಿ ಹದಿನಾಲ್ಕು ಹಾಸಿಗೆಗೆ ಆ ಹೊತ್ತಿನಲ್ಲಿ ಒಬ್ಬಳೇ ನರ್ಸು. ಅವಳು ಕೊನೆಯ ಹಾಸಿಗೆಯ ಮುದುಕಿಯನ್ನು ಶೌಚಾಲಯಕ್ಕೆ ನಡೆಸಿಕೊಂಡು ಹೋಗಿದ್ದಳು. ಪರದೆಯ ಮೇಲೆ ಅವನ ಹಾಸಿಗೆಯ ಚೌಕ ಕೆಂಪಾಯಿತು. ಆದರೆ ಪರದೆಯ ಮುಂದೆ ಯಾರೂ ಇರಲಿಲ್ಲ. ಅಂಥ ಹೊತ್ತಿಗೆಂದೇ ಕಾರಿಡಾರಿನಲ್ಲಿ ಹಾಕಿದ್ದ ಕೆಂಪು ದೀಪ ಹತ್ತಲಿಲ್ಲ, ಅದರೊಳಗಿನ ಹಾರ್ನು ಕೂಗಲಿಲ್ಲ. ನರ್ಸು ಬರುವಾಗ ಹನ್ನೊಂದು ನಿಮಿಷ ಕಳೆದಿತ್ತು.

ಆಫೀಸಿನಲ್ಲಿ ಕೂತು ಅವಳು ದಿನಚರಿಯನ್ನು ಹಿಂದಕ್ಕೆ ಓದುತ್ತಾ ಹೋದಳು. ಹೊಸ ಆವೃತ್ತಿ ಹಾಕಿದ ದಿನ, ಬೆಳಗ್ಗೆ ಒಂಬತ್ತು ಹದಿನಾಲ್ಕಕ್ಕೆ ಒಂದು ಸಾಲಿತ್ತು. ಕಾರಿಡಾರಿನ ದೀಪ ಚುಚ್ಚಿದ ಕಿಂಡಿಯ ಸಂಖ್ಯೆ, ಅದರ ಪಕ್ಕದಲ್ಲಿ ಅದನ್ನು ತೆಗೆದುಕೊಂಡ ಡ್ರೈವರಿನ ಹೆಸರು. ಇರಬೇಕಾದದ್ದು ದೀಪದ ಡ್ರೈವರ್, ಇದ್ದದ್ದು ತಂತಿ ಸಂಪರ್ಕದ್ದು. ಅದು ಹಳೆಯ ಮಾದರಿಯ ದೀಪ, ಪರೀಕ್ಷೆಯ ಕೋಣೆಯ ಶೆಲ್ಫಿನಲ್ಲಿ ಇಲ್ಲದ್ದು. ಅದನ್ನು ಮಾಡಿದವರು ಒಳಗೆ ಒಂದು ಅಗ್ಗದ ಎಲೆಕ್ಟ್ರಾನಿಕ್ ಚಿಪ್ ಹಾಕಿ, ತಮ್ಮದೇ ಸಂಖ್ಯೆ ಕೊಡುವ ಗೋಜಿಗೆ ಹೋಗದೆ ಚಿಪ್ಪಿನ ಸಂಖ್ಯೆಯನ್ನೇ ಬಿಟ್ಟಿದ್ದರು. ಅಂಥದ್ದೇ ಚಿಪ್ ಸಾವಿರ ತಂತಿಗಳಲ್ಲಿ ಇರುತ್ತದೆ. ಹಾಗಾಗಿ ಎರಡು ಡ್ರೈವರ್‌ಗಳು ಆ ದೀಪವನ್ನು ನನ್ನದು ಎನ್ನುತ್ತಿದ್ದವು. ಹನ್ನೆರಡು ವರ್ಷ ದೀಪದ ಡ್ರೈವರಿಗೆ ಮೊದಲ ಸರದಿ ಸಿಕ್ಕಿತ್ತು, ಏಕೆಂದರೆ ಅದು ನಾಲ್ಕನೆಯ ಸಾಲಿನಲ್ಲಿತ್ತು. ಈಗ ಸಿ ಮೊದಲು. ದೀಪಕ್ಕೆ ವಿದ್ಯುತ್ತು ಸಿಕ್ಕಿ ಅದರ ಬುಡದಲ್ಲಿ ಹಸಿರು ಚುಕ್ಕೆ ಹೊಳೆಯುತ್ತಿತ್ತು. ಅದರ ಮಾತು ತಿಳಿದವರು ಮಾತ್ರ ಯಾರೂ ಆ ಕಡೆ ಇರಲಿಲ್ಲ.

ಮ್ಯಾನೇಜರ್ ಕೆಟ್ಟವನಲ್ಲ. ಅವಳು ಹೇಳಿದ್ದನ್ನು ಎರಡು ಸಲ ಕೇಳಿ, ಬಾಗಿಲು ಮುಚ್ಚಿಬಂದು ಕೂತ.

"ನೀವು ಕೋಡ್ ಏನಾದ್ರೂ ಬದಲಾಯಿಸಿದ್ರಾ?"

"ಇಲ್ಲ. ಜಾಗ ಬದಲಾಯಿಸಿದೆ."

"ಬೇರೆಯವರ ಸಂಖ್ಯೆ ಹಾಕ್ಕೊಂಡು ದೀಪ ಮಾರಿದ್ದು ಅವರ ತಪ್ಪು. ವಾರಕ್ಕೊಂದ್ಸಲ ಹಾರ್ನ್ ಒತ್ತಿ ನೋಡಿ ಅಂತ ನಮ್ಮ ಪುಸ್ತಕದಲ್ಲಿದೆ, ನೋಡದೇ ಇದ್ದದ್ದು ಆಸ್ಪತ್ರೆ ತಪ್ಪು. ಅಲ್ಲದೆ ಆ ನರ್ಸೇ ಹಾರ್ನ್ ಆಫ್ ಮಾಡಿದ್ಲು ಅಂತ ಆಸ್ಪತ್ರೆಯವರೇ ಹೇಳ್ತಿದಾರೆ."

"ಅವಳು ಆಫ್ ಮಾಡಿಲ್ಲ. ಮಾಡಿದ್ರೆ ಇದರಲ್ಲಿ ಬರ್ತಿತ್ತು."

ಅವನು ಪೆನ್ನಿನ ಮುಚ್ಚಳ ಹಾಕಿದ. "ಮೊದಲು ಸರಿಮಾಡಿ ಎಲ್ಲ ಕಡೆಗೂ ಕಳಿಸಿ. ಉಳಿದದ್ದು ವಕೀಲರು ನೋಡ್ಕೊಳ್ತಾರೆ. ಹೊರಗೆ ಯಾರ ಹತ್ರಾನೂ ಬಾಯಿ ಬಿಡಬೇಡಿ, ಮನೇಲೂ."

ಸರಿಪಡಿಸಲು ಎರಡು ಸಾಲು ಸಾಕಾಯಿತು. ಎರಡು ದಿನದಲ್ಲಿ ಅದು ಎಲ್ಲ ಆಸ್ಪತ್ರೆಗಳನ್ನೂ ಮುಟ್ಟಿತು. ಜೊತೆಗೆ ಹೋದ ಟಿಪ್ಪಣಿಯಲ್ಲಿ, ಉಪಕರಣಗಳ ಸರದಿಯಲ್ಲಿ ಸಣ್ಣ ತಿದ್ದುಪಡಿ ಎಂದಿತ್ತು. ಅದನ್ನು ಬರೆದದ್ದು ಅವಳಲ್ಲ, ಆದರೆ ಕೆಳಗೆ ಅವಳ ಹೆಸರಿತ್ತು. ಆ ವಾರವೇ ಆಸ್ಪತ್ರೆ ನರ್ಸನ್ನು ಅಮಾನತು ಮಾಡಿ, ವಿಚಾರಣೆಗೆ ದಿನ ಗೊತ್ತುಮಾಡಿತು.

ಮನೆಯಲ್ಲಿ ಬಾಯಿ ಬಿಡದೆ ಇರುವುದು ಅವಳಿಂದ ನಾಲ್ಕು ದಿನ ಆಯಿತು. ಐದನೆಯ ದಿನ ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಸವರುತ್ತಾ ಎಲ್ಲವನ್ನೂ ಹೇಳಿಬಿಟ್ಟಳು. ಗಂಡ ಶಾಲೆಯಲ್ಲಿ ಗಣಿತ ಹೇಳಿಕೊಡುವವನು, ಹೆದರಿಕೆಯ ಸ್ವಭಾವ. ಮುಖ ಸಣ್ಣಗೆ ಮಾಡಿಕೊಂಡು, "ನೀನಾಗಿ ಹೋಗಿ ಕತ್ತು ಕೊಡಬೇಡ ಕಣೇ," ಎಂದ. "ಕಂಪನಿಗೆ ಗೊತ್ತು, ಸರಿನೂ ಮಾಡಾಯ್ತು. ಇನ್ನು ಯಾರಿಗೂ ಹಾಗಾಗಲ್ಲ. ಮತ್ತೇನು ಬೇಕು?"

ಅತ್ತೆ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ಕೂತಿದ್ದರು. "ನಾನೊಂದ್ಸಲ ತಪ್ಪು ತೂತಿಗೆ ಪ್ಲಗ್ ಹಾಕಿದ್ದೆ," ಎಂದರು. "ಬೆಂಕಿ ಬಿದ್ದಿದೆ ಅಂತ ಯಾರೋ ಕರೆ ಮಾಡ್ತಿದ್ರು, ಅದು ಹೋಗಿ ಒಂದು ಬಟ್ಟೆ ಅಂಗಡೀಲಿ ಹೊಡ್ಕೊಳ್ತಾ ಇತ್ತು. ಅಂಗಡಿ ಮುಚ್ಚಿತ್ತು. ಆ ಕಡೆ ಗಂಟೆ ಹೊಡೀತಿದೆ, ಈ ಕಡೆಯವರು ಕಾಯ್ತಿದಾರೆ. ಎರಡು ಕಡೆಗೂ ಎಲ್ಲ ಸರಿ ಇದೆ ಅಂತಾನೇ ಅನ್ಸುತ್ತೆ."

"ಆಮೇಲೆ?" ಎಂದಳು ಸೊಸೆ.

"ಯಾರೂ ಸಾಯಲಿಲ್ಲ. ನನ್ನ ಅದೃಷ್ಟ. ನಿನಗೆ ಆ ಅದೃಷ್ಟ ಇರಲಿಲ್ಲ." ಅತ್ತೆ ಲೋಟವನ್ನು ಎತ್ತಿ ತಳದಲ್ಲಿದ್ದುದನ್ನು ಕುಡಿದರು. "ಹೋದವನು ಏನು ಮಾಡಿದ್ರೂ ಬರಲ್ಲ. ಆ ನರ್ಸ್ ಇನ್ನೂ ಇದ್ದಾಳಲ್ಲ."

ಗಂಡ, "ಅಮ್ಮ, ನೀನು ಸುಮ್ನಿರು," ಎಂದ. ಅವರು ಸುಮ್ಮನಾದರು, ಆದರೆ ಹೇಳುವುದನ್ನು ಹೇಳಿಯಾಗಿತ್ತು.

ಆ ಶನಿವಾರ ಅವಳು ಕರ್ನಲ್ ಸಾಹೇಬರ ಮನೆಗೆ ಹೋದಳು. ಮನೆಗೆ ಬಣ್ಣ ಹೊಡೆಸುತ್ತಿದ್ದರು. ಮಂಚ, ಬೀರು, ಕುರ್ಚಿ ಎಲ್ಲವನ್ನೂ ನಡುಮನೆಗೆ ಎಳೆದು ಹಳೆಯ ಬೆಡ್‌ಶೀಟು ಹೊದಿಸಿದ್ದರು. ಸಾಹೇಬರು ಅದರ ಸಂದಿನಲ್ಲಿ ಒಂದು ಸ್ಟೂಲು ಹುಡುಕಿ ಅವಳಿಗೆ ಕೊಟ್ಟು, ತಾವು ಬಣ್ಣದ ಡಬ್ಬಿಯೊಂದರ ಮೇಲೆ ಕೂತರು. ಅವಳು ಹೇಳಿ ಮುಗಿಸುವವರೆಗೆ ಪಕ್ಕದ ಕೋಣೆಯಲ್ಲಿ ಗೋಡೆ ಉಜ್ಜುವ ಸದ್ದು ಒಂದೇ ಸಮನೆ ಬರುತ್ತಿತ್ತು.

"ಆ ಹಳೇ ದೀಪ," ಎಂದರು ಅವರು ಕೊನೆಗೆ. "ಅದು ಬಂದ ದಿನ ನನಗೆ ನೆನಪಿದೆ. ಎರಡೂ ನಂದು ಅಂದ್ವು. ತಂತಿ ಡ್ರೈವರ್‌ಗೆ ಈ ದೀಪ ನೀನು ಮುಟ್ಟಬೇಡ ಅಂತ ಎರಡು ಸಾಲು ಬರೀಬೇಕಿತ್ತು. ಅವತ್ತು ಸಂಜೆಯೊಳಗೆ ಕಳಿಸಬೇಕು ಅಂತ ಮೇಲಿನವರ ಒತ್ತಡ. ದೀಪಾನ ಪಟ್ಟೀಲಿ ಮೇಲಕ್ಕೆ ಎತ್ತಿಟ್ಟೆ, ಕೆಲಸ ಆಯ್ತು. ಆ ಎರಡು ಸಾಲು ಮಾರನೇ ದಿನ ಬರೀತೀನಿ ಅಂದ್ಕೊಂಡೆ."

"ಯಾಕೆ ಬರೆದಿಡ್ಲಿಲ್ಲ ಸರ್? ಇದನ್ನ ಅಲುಗಾಡಿಸಬೇಡಿ ಅಂತ ಒಂದು ಮಾತಾದ್ರೂ?"

"ಮರೆತೆ." ಅವರು ಅಂಗೈಯಲ್ಲಿ ಒಣಗಿದ್ದ ಬಣ್ಣವನ್ನು ಉಗುರಿನಿಂದ ಕೀಳುತ್ತಿದ್ದರು. "ನಡೀತಿತ್ತಲ್ಲ. ನಡೆಯೋದನ್ನ ಯಾರು ನೆನಪಿಟ್ಕೊಳ್ತಾರೆ." ಆಮೇಲೆ ದನಿ ಏರಿಸದೆ ಕೇಳಿದರು, "ನೀನು ಯಾಕೆ ಒಂದು ಫೋನ್ ಮಾಡಲಿಲ್ಲಮ್ಮ? ನನ್ನ ನಂಬರ್ ಇತ್ತಲ್ಲ ನಿನ್ನ ಹತ್ರ."

ಅವಳು ಸ್ಟೂಲಿನಿಂದ ಎದ್ದಳು. ಆ ಮೀಟಿಂಗಿನಲ್ಲಿ ನಗಿಸಿದ ಮೇಲೆ ಅವರಿಗೆ ಫೋನು ಮಾಡುವುದು ಅವಳಿಗೆ ಮುಜುಗರವೆನಿಸಿತ್ತು. ಅಷ್ಟೇ ಆಗಿದ್ದರೆ ಒಂದು ಮಾತು. ಪಟ್ಟಿ ಹಾಗಿರುವುದಕ್ಕೆ ಕಾರಣವೊಂದು ಇರಬಹುದು ಎಂಬುದೇ ಅವಳ ತಲೆಗೆ ಬಂದಿರಲಿಲ್ಲ.

ಬಾಗಿಲವರೆಗೆ ಬಂದ ಸಾಹೇಬರು, "ವಿಚಾರಣೇಲಿ ನನ್ನ ಹೆಸರೂ ಹೇಳು," ಎಂದರು. "ನಾನೇ ಬರ್ತಿದ್ದೆ. ಆದ್ರೆ ಅಲ್ಲಿ ನಿಂತು ಮಾತಾಡೋ ಧೈರ್ಯ ನನಗಿಲ್ಲ."

ವಿಚಾರಣೆ ಬುಧವಾರ ಹನ್ನೊಂದಕ್ಕೆ. ಅವಳು ಮ್ಯಾನೇಜರಿಗೆ ಹೇಳಿಯೇ ಹೋದಳು. ಅವನು, "ನಾಳೆಯಿಂದ ನಿಮ್ಮ ಪಾಸು ಬಾಗಿಲಲ್ಲಿ ಕೆಲಸ ಮಾಡದೇ ಇರಬಹುದು. ನನ್ನ ಕೈಲಿಲ್ಲ ಅದು," ಎಂದ.

ಆಸ್ಪತ್ರೆಯ ಮೂರನೆಯ ಮಹಡಿಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಒಂದರಲ್ಲಿ ಮೂವತ್ತರ ಆಸುಪಾಸಿನ ಹೆಂಗಸು ಕೂತಿದ್ದಳು. ಸಮವಸ್ತ್ರ ಇರಲಿಲ್ಲ, ಆದರೆ ನರ್ಸುಗಳು ಹಾಕುವ ಬಿಳಿಯ ಬೂಟು ಇತ್ತು. ಗುರುತು ಸಿಗಲು ಅಷ್ಟು ಸಾಕಾಯಿತು. ಆ ಹೆಂಗಸಿನ ಪಕ್ಕದಲ್ಲಿ ಕೂತು, ತಾನು ಯಾರೆಂದು ಹೇಳಿದಳು.

ನರ್ಸು ತಕ್ಷಣ ತಿರುಗಿ ನೋಡಲಿಲ್ಲ. "ಡ್ಯೂಟಿಗೆ ಬಂದ ಕೂಡ್ಲೆ ನಾನು ಹಸಿರು ಚುಕ್ಕೆ ನೋಡಿದ್ದೆ ಮೇಡಂ," ಎಂದಳು. "ದಿನಾ ನೋಡ್ತೀನಿ. ಅವತ್ತೂ ಇತ್ತು. ನಾನು ಅಜ್ಜೀನ ಕರ್ಕೊಂಡು ಹೋಗುವಾಗ್ಲೂ ಅದನ್ನ ನೋಡ್ಕೊಂಡೇ ಹೋದೆ. ಇದೇ ಮಾತನ್ನ ಹದಿನೈದು ದಿನದಿಂದ ಹೇಳ್ತಿದೀನಿ. ನಮ್ಮಮ್ಮನೂ ನಂಬ್ತಾ ಇಲ್ಲ."

"ಅದು ಇತ್ತು ಸಿಸ್ಟರ್. ನನಗೆ ಗೊತ್ತು."

"ನಿಮಗೆ ಯಾವಾಗ ಗೊತ್ತಾಯ್ತು?"

"ಹನ್ನೆರಡು ದಿನ ಆಯ್ತು."

ನರ್ಸು ಈಗ ತಿರುಗಿ ನೋಡಿದಳು. ಬೈಯಲಿಲ್ಲ. "ಹನ್ನೆರಡು ದಿನ," ಎಂದಳು. ಎದ್ದು ಹೋಗಿ ಎದುರಿನ ಗೋಡೆಯ ಕುರ್ಚಿಯಲ್ಲಿ ಕೂತಳು.

ಒಳಗೆ ಒಂದು ಉದ್ದ ಮೇಜು, ಮೂವರು ವೈದ್ಯರು, ಒಬ್ಬ ಗುಮಾಸ್ತ. ಸತ್ತವನ ಹೆಂಡತಿ ಕಿಟಕಿಯ ಪಕ್ಕ ಅಣ್ಣನ ಜೊತೆ ಕೂತಿದ್ದಳು. ಕಂಪನಿಯಿಂದ ಬಂದವಳು ದಿನಚರಿಯ ಹಾಳೆಗಳನ್ನು ಮೇಜಿನ ಮೇಲಿಟ್ಟು, ಸಾಲು ತೋರಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧ ಮರೆತುಹೋದವು. ಸಾಹೇಬರ ಹೆಸರನ್ನೂ ಹೇಳಿದಳು, ಅವರ ಮೇಲೆ ಹೊರೆ ಹೊರಿಸಿದ ಹಾಗೆ ಕೇಳಿಸೀತೆಂದು ಅರ್ಧಕ್ಕೇ ನಿಲ್ಲಿಸಿದಳು. ಒಬ್ಬ ವೈದ್ಯರು, ನರ್ಸು ಹಾರ್ನನ್ನು ಆಫ್ ಮಾಡಿರುವ ಸಾಧ್ಯತೆ ಇದೆಯೇ ಎಂದು ಮೂರು ಬಗೆಯಲ್ಲಿ ಕೇಳಿದರು. ಮೂರು ಸಲವೂ ಅವಳು ಇಲ್ಲ ಎಂದಳು.

ಆಗ ಸತ್ತವನ ಹೆಂಡತಿ ಮಾತಾಡಿದಳು. ಅಲ್ಲಿಯವರೆಗೂ ಅವಳು ಮಡಿಲಲ್ಲಿದ್ದ ಚೀಲದ ಜಿಪ್ಪನ್ನೇ ನೋಡುತ್ತಿದ್ದಳು.

"ನನಗೆ ಕಂಪ್ಯೂಟರ್ ಗೊತ್ತಿಲ್ಲ. ಒಂದೇ ಕೇಳ್ತೀನಿ. ನೀವು ಅದನ್ನೆಲ್ಲ ಜೋಡಿಸಿಡದೇ ಹೋಗಿದ್ರೆ ಏನಾಗ್ತಿತ್ತು?"

"ಏನೂ ಆಗ್ತಿರ್ಲಿಲ್ಲ."

"ಮುಂಚೆ ಇದ್ದ ಹಾಗೇ ನಡೀತಿತ್ತಾ?"

"ನಡೀತಿತ್ತು."

"ಮತ್ತೆ ಯಾಕೆ ಜೋಡಿಸಿದ್ರಿ?"

ಈ ಪ್ರಶ್ನೆಗೆ ಆಫೀಸಿನಲ್ಲಿ ಅವಳ ಬಳಿ ಇಪ್ಪತ್ತು ಪುಟದ ಉತ್ತರವಿತ್ತು. ಮುಂದೆ ಬರುವವರಿಗೆ ಅನುಕೂಲ, ತಪ್ಪು ಹುಡುಕುವುದು ಸುಲಭ, ಹೊಸ ಉಪಕರಣ ಸೇರಿಸಲು ಸಲೀಸು. ಅದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಆ ಹೆಂಗಸಿನ ಮುಖ ನೋಡಿಕೊಂಡು ಅದನ್ನು ಹೇಳಲು ಅವಳಿಂದಾಗಲಿಲ್ಲ.

"ನೋಡೋಕೆ ಚೆನ್ನಾಗಿರ್ಲಿಲ್ಲ," ಎಂದಳು.

ಹೆಂಡತಿ ತಲೆ ಆಡಿಸಿದಳು. ಒಪ್ಪಿದ್ದಕ್ಕಲ್ಲ, ಕೇಳಿಸಿಕೊಂಡದ್ದಕ್ಕೆ. ಅವಳ ಅಣ್ಣ ಎದ್ದು ನಿಂತು ಏನೋ ಹೇಳಹೊರಟ, ಅವಳು ಅವನ ಅಂಗಿಯ ತುದಿ ಹಿಡಿದು ಕೂರಿಸಿದಳು. "ನಮ್ಮವರೂ ಹಾಗೇ," ಎಂದಳು, ಯಾರಿಗೆಂದಿಲ್ಲದೆ. "ಸ್ಪ್ಯಾನರ್‌ಗಳನ್ನೆಲ್ಲ ಅಳತೆ ಪ್ರಕಾರ ಗೋಡೆಗೆ ನೇತುಹಾಕ್ತಿದ್ರು." ಆಮೇಲೆ ಮುಖ ಮುಚ್ಚಿಕೊಂಡಳು. ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ಕಿಟಕಿಯ ಕಡೆ ನೋಡಿದ.

ನರ್ಸಿನ ಮೇಲಿನ ಆರೋಪವನ್ನು ಹತ್ತು ದಿನಗಳ ನಂತರ ಕೈಬಿಟ್ಟರು. ಕಂಪನಿ, ದೀಪ ಮಾಡಿದವರು, ಆಸ್ಪತ್ರೆ, ಮೂವರೂ ಒಬ್ಬರ ಮೇಲೊಬ್ಬರು ದಾವೆ ಹೂಡಿದರು. ಅದು ಇನ್ನೂ ನಡೆಯುತ್ತಿದೆ. ಅವಳ ಆಫೀಸಿನ ಪಾಸು ವಿಚಾರಣೆಯ ಮಾರನೆಯ ದಿನವೇ ಕೆಲಸ ಮಾಡಲಿಲ್ಲ. ಮೇಜಿನ ಮೇಲಿದ್ದ ಸಾಮಾನುಗಳನ್ನು ಯಾರೋ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಬಾಗಿಲ ಕಾವಲುಗಾರನ ಹತ್ತಿರ ಇಟ್ಟಿದ್ದರು. ಮನೆಗೆ ತಂದ ಪೆಟ್ಟಿಗೆಯನ್ನು ಅವಳು ಬಿಚ್ಚಲಿಲ್ಲ. ಅತ್ತೆಯೂ ಬಿಚ್ಚು ಎನ್ನಲಿಲ್ಲ. ಗಂಡ ಎರಡು ವಾರ ಅವಳ ಜೊತೆ ಬೇಕಾದಷ್ಟೇ ಮಾತಾಡಿದ. ಮೂರನೆಯ ವಾರ ಶಾಲೆಯಿಂದ ಬಂದವನು ಅವಳ ಪಕ್ಕ ಕೂತು, "ನಾನಾಗಿದ್ರೆ ಹೋಗ್ತಿರ್ಲಿಲ್ಲ," ಎಂದು ಎದ್ದು ಹೋಗಿ ಪಾತ್ರೆ ತೊಳೆದ.

ತಿಂಗಳು ಕಳೆದ ಮೇಲೆ ಅವಳು ಆಸ್ಪತ್ರೆಗೆ ಫೋನು ಮಾಡಿ ನರ್ಸನ್ನು ಕೇಳಿದಳು. ಅವಳು ಕೆಲಸಕ್ಕೆ ಮರಳಿ, ಹದಿನಾರು ದಿನ ಮಾಡಿ, ಬಿಟ್ಟುಹೋಗಿದ್ದಾಳೆ ಎಂದರು. ನಂಬರ್ ಕೊಟ್ಟರು.

"ನಾನು," ಎಂದಳು ಅವಳು, ನರ್ಸು ಫೋನು ಎತ್ತಿದಾಗ.

"ದನಿ ಗೊತ್ತಾಯ್ತು." ಹಿಂದುಗಡೆ ಹೊಲಿಗೆ ಮೆಷಿನ್ ಓಡುವ ಸದ್ದಿತ್ತು. ಅದು ನಿಂತಿತು.

"ಯಾಕೆ ಬಿಟ್ರಿ ಸಿಸ್ಟರ್? ನಿಮ್ಮ ತಪ್ಪಿಲ್ಲ ಅಂತ ಬರೆದು ಕೊಟ್ಟಿದ್ದಾರಲ್ಲ."

"ಕೊಟ್ಟಿದ್ದಾರೆ. ಚೌಕಟ್ಟು ಹಾಕ್ಸಿಟ್ಟಿದ್ದಾಳೆ ನಮ್ಮಮ್ಮ." ನರ್ಸು ನಕ್ಕಳೋ ಉಸಿರು ಬಿಟ್ಟಳೋ ತಿಳಿಯಲಿಲ್ಲ. "ವಾರ್ಡಲ್ಲಿ ಹತ್ತು ಹೆಜ್ಜೆ ಹೋದ್ರೆ ವಾಪಸ್ ಬಂದು ಪರದೆ ನೋಡ್ತಿದ್ದೆ ಮೇಡಂ. ಒಬ್ಬರಿಗೆ ನೀರು ಕೊಡೋಕೂ ಆಗ್ತಿರ್ಲಿಲ್ಲ. ಹಸಿರು ಚುಕ್ಕೆ ಕಂಡ್ರೂ ಹಾರ್ನ್ ಒತ್ತಿ ನೋಡ್ತಿದ್ದೆ. ಹಾಗಿಟ್ಕೊಂಡು ಆ ಕೆಲಸ ಮಾಡೋಕಾಗಲ್ಲ."

ಅವಳು, ಏನಾದರೂ ಬೇಕಿದ್ದರೆ ಹೇಳಿ ಎಂದಳು. ಆ ಮಾತು ಅವಳ ಕಿವಿಗೇ ಬಡವಾಗಿ ಕೇಳಿಸಿತು.

"ಬೇಡ. ನೀವು ಅವತ್ತು ಬಂದದ್ದು ಒಳ್ಳೇದಾಯ್ತು, ಅದನ್ನ ಮರೆಯಲ್ಲ," ಎಂದಳು ನರ್ಸು. "ಆದ್ರೆ ಮತ್ತೆ ಫೋನ್ ಮಾಡಬೇಡಿ. ನಿಮ್ಮ ದನಿ ಕೇಳಿದ್ರೆ ನನಗೆ ಅದೇ ಮಧ್ಯಾಹ್ನ."

ಫೋನು ಇಡುವ ಮೊದಲು ಆ ಕಡೆ ಮೆಷಿನ್ ಮತ್ತೆ ಓಡತೊಡಗಿತ್ತು. ಒಳಗಿನಿಂದ ಅತ್ತೆ, ಯಾರದು ಎಂದು ಕೇಳಿದರು. ಅವಳು ಹೇಳಿದಳು. ಅತ್ತೆ ಕೋಣೆಯಿಂದ ಹೊರಗೆ ಬಂದು, ಸೊಸೆಯ ಕೈಯಿಂದ ಫೋನು ತೆಗೆದು ಮೇಜಿನ ಮೇಲಿಟ್ಟು, ಅವಳ ಪಕ್ಕದಲ್ಲಿ ಕೂತರು.